ಹಳೆಯ ಮನೆಗಳ ಒಳಮರಗೆಲಸದಿಂದ ಬಣ್ಣವನ್ನು ತೆಗೆಯುವ ವಿಚಾರ
(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಮನೆಗಳನ್ನು ಗಮನದಲ್ಲಿರಿಸಿ)

1. ಪ್ರಶ್ನೆಯ ಸ್ವರೂಪ

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗವು 1874ರಲ್ಲಿ ತೆರೆಯಿತು. ಚಿತ್ತಾಪುರ, ಸೇಡಂಗಳು ಆ ಮಾರ್ಗದ ಮೇಲಿವೆ. ಶಹಾಬಾದವು ವಾಡಿಯಿಂದ ಮುಂಬಯಿಯ ಕಡೆಗೆ ಹೋಗುವ ಮಾರ್ಗದಲ್ಲಿದೆ. ಚಿಂಚೋಳಿಗೆ ರೈಲು ಬರಲಿಲ್ಲ. ಅಲ್ಲಿ ನೆಲದ ಗುಣವೂ ಬದಲಾಗಿ, ಕರಿಕಲ್ಲು ಮತ್ತು ಕೆಂಪು ಜಂಬಿಟ್ಟಿಗೆ ಕಾಣಿಸಿಕೊಳ್ಳುತ್ತವೆ. ಉಳಿದ ನಾಲ್ಕು ಊರುಗಳ ಸುತ್ತಿನ ನೆಲದಡಿಯಲ್ಲಿ ಇರುವುದು ಪದರಪದರವಾಗಿ ಬಿಡಿಸಿಕೊಂಡು ಬರುವ ಸುಣ್ಣಕಲ್ಲು. ಇದನ್ನೇ ನಾಡೆಲ್ಲ 'ಶಹಾಬಾದ ಕಲ್ಲು' ಅಥವಾ 'ಪರಸಿ' ಎಂದು ಕರೆದು ನೆಲಕ್ಕೆ ಹಾಸಿಕೊಂಡಿದೆ. 1968ರಲ್ಲಿ ಕೆಲಸ ಆರಂಭಿಸಿದ ವಾಡಿಯ ಸಿಮೆಂಟು ಕಾರ್ಖಾನೆಗೂ ಅದಕ್ಕಿಂತ ಹಿಂದಿನ ಶಹಾಬಾದದ ಕಾರ್ಖಾನೆಗೂ ಇದೇ ಕಲ್ಲು ಆಧಾರವಾಯಿತು.

ಕಲ್ಲು ಹೇರಳವಾಗಿಯೂ ಒಳ್ಳೆಯ ಮರ ದುರ್ಲಭವಾಗಿಯೂ ಇರುವ ಸೀಮೆಯಲ್ಲಿ ಮರಕ್ಕೆ ಸಲ್ಲುವ ಗೌರವವೇ ಬೇರೆ. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಎಷ್ಟೋ ಕಡೆ ಮಾಳಿಗೆಯ ಹೊದಿಕೆಯೂ ಕಲ್ಲಿನದು. ಆದರೆ ತಲೆಬಾಗಿಲ ಚೌಕಟ್ಟು, ಕದಗಳು, ಪಡಸಾಲೆಯ ಕಂಬ, ಬೋದಿಗೆ, ತೊಲೆ, ಮಾಡದ ಬಾಗಿಲು, ಕಿಟಕಿಯ ಕಟ್ಟು ಇವು ಮಾತ್ರ ಮರದವು. ಅನುಕೂಲವಂತರು ಇವನ್ನು ಸಾಗವಾನಿಯಿಂದ ಮಾಡಿಸಿದರು. ಉಳಿದವರು ಬೇವು, ಜಾಲಿಗಳಿಂದ ಮಾಡಿಸಿಕೊಂಡರು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಅವುಗಳ ಮೇಲೆ ಬಣ್ಣ ಬಳಿಯುತ್ತ ಬಂದುದರಿಂದ, ಇಂದು ಒಂದು ಹಳೆಯ ಚೌಕಟ್ಟಿನ ಮೂಲೆ ಒಡೆದರೆ ಹಸುರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಬಿಳುಪು, ಎಲ್ಲಕ್ಕೂ ಕೆಳಗೆ ಹುರಮಂಜಿನ ಕೆಂಪು ಹೀಗೆ ಪದರಗಳು ಎಣಿಕೆಗೆ ಸಿಗುವುದುಂಟು. ಕೆತ್ತನೆಯ ಬಳ್ಳಿಯೂ ಹೂವೂ ಈ ದಪ್ಪದೊಳಗೆ ಮುಚ್ಚಿಹೋಗಿರುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಇಂಥ ಬಣ್ಣವನ್ನು ತೆಗೆದು ಮರದ ಸಹಜವಾದ ಮೈಯನ್ನು ಕಾಣಿಸಬೇಕೆಂಬ ಆಸೆ ಹೆಚ್ಚಿದೆ. ಆಸೆ ಸ್ತುತ್ಯವಾದುದೇ. ಆದರೆ ಈ ಕೆಲಸ ಕೇವಲ ಅಂದದ ಪ್ರಶ್ನೆಯಲ್ಲ, ಮನೆಯ ಮಕ್ಕಳ ಹಾಗೂ ಕೆಲಸಗಾರನ ಆರೋಗ್ಯದ ಪ್ರಶ್ನೆಯೂ ಹೌದೆಂಬುದು ಬಹುಮಂದಿಗೆ ತಿಳಿಯದು. ರಸಾಯನಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ನಾಲ್ಕು ಜನಕ್ಕೆ ತಿಳಿಹೇಳಲು ಅನುಕೂಲವಾಗಲೆಂದು ಇಲ್ಲಿ ಈ ವಿಷಯವನ್ನು ಮೂಲದಿಂದ ವಿಚಾರಿಸುತ್ತೇವೆ.

2. ಬಣ್ಣದ ಘಟನೆ

ಎಣ್ಣೆಬಣ್ಣದಲ್ಲಿ ಮುಖ್ಯವಾಗಿ ಎರಡು ಅಂಗಗಳಿವೆ: ಬಣ್ಣ ಕೊಡುವ ಪುಡಿ, ಅದನ್ನು ಹಿಡಿದಿಡುವ ಎಣ್ಣೆ. ಹಳೆಯ ಬಣ್ಣಗಳಲ್ಲಿ ಈ ಎಣ್ಣೆ ಬಹುಮಟ್ಟಿಗೆ ಅಗಸೆಯದು. ಕಲಬುರಗಿ ಸೀಮೆಯ ಕರಿನೆಲದಲ್ಲಿ ಹಿಂಗಾರಿಗೆ ಬೆಳೆಯುವ, ಹಿಂಡಿಯಾಗಿ ಜೋಳದ ರೊಟ್ಟಿಯ ಜೊತೆಗೂ ಬರುವ ಅಗಸೆಯೇ ಇದು. ಅಗಸೆ ಎಣ್ಣೆ ಒಣಗುವುದು ನೀರು ಒಣಗುವಂತಲ್ಲ. ನೀರು ಆವಿಯಾಗಿ ಹೋಗುತ್ತದೆ. ಎಣ್ಣೆಯಾದರೋ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು, ತನ್ನ ಅಣುಗಳನ್ನು ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿಯಾದ ಪೊರೆಯಾಗುತ್ತದೆ. ಆದ್ದರಿಂದಲೇ ಒಣಗಿದ ಬಣ್ಣವನ್ನು ಮತ್ತೆ ಎಣ್ಣೆಯಲ್ಲಿ ಕರಗಿಸಲಾಗದು. ಈಚಿನ 'ಎನಾಮೆಲ್' ಬಣ್ಣಗಳಲ್ಲಿ ಎಣ್ಣೆಯ ಸ್ಥಾನವನ್ನು ಆಲ್ಕಿಡ್ ಎಂಬ ಕೃತಕ ರಾಳ ಪಡೆದಿದೆ. ಅದೂ ಎಣ್ಣೆಯ ಆಮ್ಲಗಳಿಂದಲೇ ಕಟ್ಟಿದ ವಸ್ತುವಾದುದರಿಂದ ಮುಂದೆ ಹೇಳುವ ಕ್ಷಾರಕ್ರಮಕ್ಕೆ ಅದೂ ಮಣಿಯುತ್ತದೆ.

ಪುಡಿಗಳಲ್ಲಿ ಹುರಮಂಜು ನಿರಪಾಯಕರವಾದ ಕಬ್ಬಿಣದ ಆಕ್ಸೈಡು. ಬಿಳುಪಿಗೆ ಬಹುಕಾಲ ಬಳಸಿದ ಸಫೇದು, ಎಂದರೆ ಸೀಸದ ಪ್ರತ್ಯಾಮ್ಲೀಯ ಕಾರ್ಬೊನೇಟು, ತೂಕದಲ್ಲಿ ನೂರಕ್ಕೆ 80 ಪಾಲು ಸೀಸವೇ. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟು, ಅದಕ್ಕೆ ನೀಲಿ ಬೆರೆಸಿದರೆ ಹಸುರು, ಮೊದಲ ಲೇಪಕ್ಕೆ ಕೆಂಪು ಸಿಂಧೂರ. ಇವೆಲ್ಲವೂ ಸೀಸದ ಸಂಯುಕ್ತಗಳು. ಬೇಗ ಒಣಗಲೆಂದು ಸೇರಿಸುತ್ತಿದ್ದ ಒಣಗಿಕೆಗಳಲ್ಲಿಯೂ ಸೀಸವಿತ್ತು.

3. ಸೀಸದ ವಿಚಾರ

ಸೀಸದ ಬಣ್ಣ ಮಕ್ಕಳಿಗೆ ವಿಷವೆಂಬುದು ಹೊಸ ಸಂಗತಿಯಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮನೆಯ ಕಟಕಟೆ ಮತ್ತು ಗೋಡೆಗಳ ಬಣ್ಣವೇ ಮಕ್ಕಳ ಸೀಸವಿಷಕ್ಕೆ ಮೂಲವೆಂದು 1904ರಲ್ಲಿಯೇ ಬರೆದನು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕಟ್ಟಡಗಳ ಒಳಭಾಗಕ್ಕೆ ಸಫೇದು ಬಳಿಯುವುದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳು ಮನೆಬಳಕೆಯ ಸೀಸದ ಬಣ್ಣವನ್ನು 1978ರಲ್ಲಿ ನಿಲ್ಲಿಸಿದವು. ನಮ್ಮ ದೇಶದಲ್ಲಿ ಬೆಂಗಳೂರಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶರಂಥವರು ಈ ವಿಷಯದಲ್ಲಿ ದೀರ್ಘಕಾಲ ಜನಜಾಗೃತಿಯನ್ನುಂಟುಮಾಡಿದರು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಗೊಳಿಸುವ ಭಾರತದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಎಂದಮೇಲೆ ಅದಕ್ಕಿಂತ ಹಿಂದೆ ಬಳಿದ ಯಾವ ಎಣ್ಣೆಬಣ್ಣವನ್ನೂ ಪರೀಕ್ಷಿಸದೆ ನಿರಪಾಯವೆಂದು ನಂಬಲಾಗದು.

ಅಪಾಯದ ಪ್ರಮಾಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಬಣ್ಣದಲ್ಲಿ ನೂರಕ್ಕೆ 1 ಪಾಲು ಮಾತ್ರ ಸೀಸವಿದೆಯೆನ್ನೋಣ. ಹಳೆಯ ಸಫೇದಿನ ಪದರದಲ್ಲಿ ಇದು ಅರ್ಧವನ್ನು ಮೀರಬಲ್ಲುದು. ಅಂಥ ಬಣ್ಣದ 0.1 ಗ್ರಾಂ ತೂಕದ ಚಕ್ಕೆಯಲ್ಲಿ 1 ಮಿಲಿಗ್ರಾಂ, ಎಂದರೆ 1000 ಮೈಕ್ರೋಗ್ರಾಂ ಸೀಸವಿರುತ್ತದೆ. 12 ಕಿಲೋ ತೂಗುವ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 9 ಡೆಸಿಲೀಟರು. ಮಗುವಿನ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೇ ಎಚ್ಚರವಹಿಸಬೇಕೆಂದು ಅಮೆರಿಕದ ಆರೋಗ್ಯಾಧಿಕಾರಿಗಳು 2021ರಲ್ಲಿ ಗೊತ್ತುಮಾಡಿದರು. ಎಂದರೆ ಒಟ್ಟು ರಕ್ತಕ್ಕೆ 30 ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು. ನುಂಗಿದ ಸೀಸವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ, ಸೇರಿದುದೆಲ್ಲವೂ ರಕ್ತದಲ್ಲಿಯೇ ನಿಲ್ಲುವುದಿಲ್ಲ, ಬಹುಭಾಗ ಎಲುಬಿಗೆ ಹೋಗುತ್ತದೆ. ಆದರೂ 30 ಎಲ್ಲಿ, 1000 ಎಲ್ಲಿ! ಸೀಸದ ವಿಷ ಎಳೆಯ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ; ಹಾಗೆ ಹೋದ ಬುದ್ಧಿಶಕ್ತಿಯನ್ನು ಮರಳಿ ತರುವ ಮದ್ದಿಲ್ಲ. ನಿರಪಾಯಕರವಾದ ಕನಿಷ್ಠ ಮಟ್ಟವೆಂಬುದೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಚಕ್ಕೆಗಿಂತಲೂ ಧೂಳು ಹೆಚ್ಚು ಕಪಟಿ. ಕದವನ್ನು ಒಣದಾಗಿ ಉಜ್ಜಿದಾಗ ಏಳುವ ನುಣ್ಣನೆಯ ಪುಡಿ ಪರಸಿಕಲ್ಲುಗಳ ಸಂದುಗಳಲ್ಲಿ ಸೇರಿಕೊಂಡು, ಕಸಬರಿಗೆಯಿಂದ ಮತ್ತೆ ಮತ್ತೆ ಮೇಲೇಳುತ್ತದೆ. ಆ ತಂಪುನೆಲದ ಮೇಲೆಯೇ ಬೇಸಗೆಯಲ್ಲಿ ಕೂಸುಗಳನ್ನು ಬಿಡುವುದು. ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಇಡುತ್ತಲೇ ಇರುತ್ತದೆ. ದೊಡ್ಡವರಿಗೆ ಕಾಣದ ಅಪಾಯ ಮಗುವಿಗೆ ಹೀಗೆ ತಲಪುತ್ತದೆ.

4. ಮೊದಲು ಪರೀಕ್ಷೆ

ಆದುದರಿಂದ ಅಲಗನ್ನು ಕೈಗೆತ್ತಿಕೊಳ್ಳುವ ಮೊದಲು ಬಣ್ಣವನ್ನು ಪರೀಕ್ಷಿಸಬೇಕು. ಸೋಡಿಯಂ ರೋಡಿಜೊನೇಟೆಂಬ ವಸ್ತುವಿನಲ್ಲಿ ನೆನೆಸಿದ ಕಡ್ಡಿಗಳು ಸೀಸ ಸೋಕಿದರೆ ಕೆಂಪಾಗುತ್ತವೆ. ಎಲ್ಲ ಪದರಗಳೂ ಕಾಣುವಂತೆ ಓರೆಯಾಗಿ ಕೊಯ್ದ ಜಾಗದಲ್ಲಿ ಇದನ್ನು ಪ್ರಯೋಗಿಸಬೇಕು. ಮೇಲಿನ ಪದರ ಶುದ್ಧವಾಗಿದ್ದು ಕೆಳಗಿನದು ವಿಷವಾಗಿರಬಹುದು. ಕಾಲೇಜಿನ ಪ್ರಯೋಗಶಾಲೆಯಲ್ಲಾದರೆ ಚಕ್ಕೆಯನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ, ಧೂಮ ಹೊರಹೋಗುವ ಗೂಡಿನೊಳಗಿಟ್ಟು ಕಾಯಿಸಿ, ಸೋಸಿ, ಪೊಟ್ಯಾಸಿಯಂ ಅಯೊಡೈಡನ್ನು ಸೇರಿಸಬಹುದು. ಲವಣಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಕಂಡಿರುವ ಹೊನ್ನಿನ ಬಣ್ಣದ ಗಸಿ ಬಂದರೆ ಸೀಸ ಧಾರಾಳವಾಗಿದೆಯೆಂದು ಅರ್ಥ. ಬಾರದಿದ್ದರೆ ಸೀಸವಿಲ್ಲವೆಂದು ಸಾಧಿಸಿದಂತಾಗಲಿಲ್ಲ. ಹತ್ತು ಲಕ್ಷಕ್ಕೆ 90 ಪಾಲಿನಂಥ ಸೂಕ್ಷ್ಮಪ್ರಮಾಣವನ್ನು ಅಳೆಯಲು ಉಪಕರಣಗಳೇ ಬೇಕು. ಸಂಶಯವಿರುವಲ್ಲಿ ಸೀಸವಿದೆಯೆಂದೇ ತಿಳಿದು ನಡೆಯುವುದು ಜಾಣತನ.

ಇನ್ನೊಂದು ಪ್ರಶ್ನೆಯನ್ನೂ ಇಲ್ಲಿಯೇ ಕೇಳಿಕೊಳ್ಳಬೇಕು: ತೆಗೆಯಲೇಬೇಕೇ? ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದು ಎಲ್ಲಿಯೂ ಏಳದಿದ್ದರೆ, ಅದರ ಮೇಲೆ ಸೀಸರಹಿತವಾದ ಹೊಸ ಬಣ್ಣ ಬಳಿದು ಮುಚ್ಚುವುದೇ ಹಲವು ವೇಳೆ ಕ್ಷೇಮ. ಕೈಗೆಟುಕದ ತೊಲೆ, ಜಂತೆಗಳ ವಿಷಯದಲ್ಲಿ ಇದು ಮುಖ್ಯವಾಗಿ ಅನ್ವಯಿಸುತ್ತದೆ. ಒಂದಕ್ಕೊಂದು ಉಜ್ಜುವ ಭಾಗಗಳು, ಎಂದರೆ ಕದದ ಅಂಚು, ಚೌಕಟ್ಟಿನ ಒಳಮೂಲೆ, ಮಾಡದ ಬಾಗಿಲು. ಮತ್ತು ಮಗುವಿನ ಬಾಯಿಗೆ ಎಟುಕುವ ಕಿಟಕಿಯ ಕೆಳಪಟ್ಟಿ, ಹೊಸ್ತಿಲು ಇವು ಮೊದಲು ಗಮನಕ್ಕೆ ಬರಬೇಕಾದವು.

5. ಕೆರೆಯುವುದು, ಕಾಯಿಸುವುದು, ದ್ರಾವಕದಿಂದ ಬಿಡಿಸುವುದು

ಬಣ್ಣ ತೆಗೆಯುವ ಮಾರ್ಗಗಳು ನಾಲ್ಕು. ಇವುಗಳಲ್ಲಿ ಮೂರನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ, ನಾಲ್ಕನೆಯದನ್ನು ಬೇರೆಯಾಗಿ ವಿಸ್ತರಿಸುತ್ತೇವೆ.

ಮೊದಲನೆಯದು ಕೆರೆಯುವುದು. ಪಾಲಿಶ್ ಪೇಪರಿನಿಂದ ಅಥವಾ ಯಂತ್ರದಿಂದ ಒಣದಾಗಿ ಉಜ್ಜುವುದನ್ನು ಸಂಪೂರ್ಣವಾಗಿ ವರ್ಜಿಸಬೇಕು. ನೀರು ಚಿಮುಕಿಸಿ, ಮೈ ಸದಾ ಒದ್ದೆಯಾಗಿರುವಂತೆ ನೋಡಿಕೊಂಡು, ಮರದ ಎಳೆ ಹೋದ ದಿಕ್ಕಿನಲ್ಲಿಯೇ ಅಲಗನ್ನು ಎಳೆಯಬೇಕು. ಇದು ನಿಧಾನವಾದರೂ ಸಣ್ಣ ಕೆಲಸಕ್ಕೆ ಸಾಕು.

ಎರಡನೆಯದು ಕಾಯಿಸುವುದು. ಉರಿಯ ಜ್ವಾಲೆಯನ್ನು ಬಣ್ಣಕ್ಕೆ ಹಿಡಿಯುವ ಹಳೆಯ ಪದ್ಧತಿ ಎರಡು ಬಗೆಯಲ್ಲಿ ಘಾತಕ: ಮರ ಕರಕಾಗುತ್ತದೆ, ಸೀಸ ಹೊಗೆಯಾಗಿ ಕೆಲಸಗಾರನ ಶ್ವಾಸಕೋಶವನ್ನು ಸೇರುತ್ತದೆ. ಬಿಸಿಗಾಳಿಯ ಯಂತ್ರವನ್ನು ಉಪಯೋಗಿಸುವವರು ಶಾಖವನ್ನು 590 ಡಿಗ್ರಿ ಸೆಂಟಿಗ್ರೇಡಿಗಿಂತ ಬಹಳ ಕೆಳಗೇ ಇಟ್ಟು, ಬಣ್ಣ ಗುಳ್ಳೆಯೇಳುವಷ್ಟು ಮಾತ್ರ ಕಾಯಿಸಿ ನಿಲ್ಲಿಸಬೇಕು.

ಮೂರನೆಯದು ದ್ರಾವಕ. ಪೇಟೆಯಲ್ಲಿ ಸಿಕ್ಕುತ್ತಿದ್ದ ಬಹುತೇಕ ಬಣ್ಣತೆಗೆಕಗಳಲ್ಲಿ ಮಿಥಿಲೀನ್ ಕ್ಲೋರೈಡು ಮುಖ್ಯವಸ್ತು. ಅದು ಕುದಿಯುವುದು 40 ಡಿಗ್ರಿಯಲ್ಲಿ. ಸೇಡಂ, ವಾಡಿಗಳಲ್ಲಿ ಮೇ ತಿಂಗಳ ನೆರಳಿನ ಶಾಖವೇ ಇದನ್ನು ಮೀರುತ್ತದೆಂಬುದನ್ನು ನೆನೆದರೆ, ಡಬ್ಬಿಯ ಮುಚ್ಚಳ ತೆಗೆದಾಗ ಏನಾಗುವುದೆಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ಕೆಳಗೆ ತಂಗುತ್ತದೆ. ದೇಹದೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡಾಗುತ್ತದೆ. ಮುಚ್ಚಿದ ಕೋಣೆಗಳಲ್ಲಿ ಇದರಿಂದ ಕೆಲಸಗಾರರು ಸತ್ತ ಪ್ರಸಂಗಗಳ ಮೇಲಿಂದ ಅಮೆರಿಕವು ಮನೆಬಳಕೆಯ ಬಣ್ಣತೆಗೆಕಗಳಲ್ಲಿ ಇದನ್ನು 2019ರಲ್ಲಿ ನಿಷೇಧಿಸಿತು. ಕಿಟಕಿ ಕಿರಿದಾದ ಕಲ್ಲುಮನೆಗಳಿಗೆ ಇದು ತಕ್ಕುದಲ್ಲ. ಬೆಂಜೈಲ್ ಆಲ್ಕೋಹಾಲಿನ ತೆಗೆಕಗಳು ನಿಧಾನವಾದರೂ ಇದಕ್ಕಿಂತ ಉತ್ತಮ.

6. ಸುಣ್ಣ ಮತ್ತು ಸೋಡಾ

ನಾಲ್ಕನೆಯದಾದ ಕ್ಷಾರಕ್ರಮವು ಈ ಸೀಮೆಗೆ ಅತ್ಯಂತ ಸಹಜವಾದುದು. ಎಣ್ಣೆಗೆ ಕ್ಷಾರ ಕೂಡಿದರೆ ಸಾಬೂನಾಗುತ್ತದೆ. ಅಗಸರು ಸವಳುಮಣ್ಣಿನಿಂದ ಬಟ್ಟೆಯ ಜಿಡ್ಡನ್ನು ತೆಗೆಯುತ್ತಿದ್ದುದರ ಮರ್ಮವೂ ಇದೇ. ಒಣಗಿದ ಎಣ್ಣೆಬಣ್ಣವೂ ಮೂಲದಲ್ಲಿ ಎಣ್ಣೆಯಾದುದರಿಂದ ಕ್ಷಾರಕ್ಕೆ ಸಿಕ್ಕಿ ಸಾಬೂನಾಗಿ ಮೆತ್ತಗಾಗುತ್ತದೆ. ಹೊಲದಿಂದ ಬಂದ ಎಣ್ಣೆ ಮರಕ್ಕೆ ಅಂಟಿಸಿದ್ದನ್ನು ನೆಲದಡಿಯ ಸುಣ್ಣಕಲ್ಲು ಬಿಡಿಸಿಕೊಡುತ್ತದೆ.

ಅರಳಿದ ಸುಣ್ಣವನ್ನು ಬಟ್ಟೆ ಒಗೆಯುವ ಸೋಡಾದೊಡನೆ ನೀರಿನಲ್ಲಿ ಕೂಡಿಸಿದರೆ, ಸುಣ್ಣ ತಿರುಗಿ ಸುಣ್ಣಕಲ್ಲಿನ ಪುಡಿಯಾಗಿ ತಳಕ್ಕಿಳಿಯುತ್ತದೆ. ಮೇಲೆ ಉಳಿಯುವುದು ಕಾಸ್ಟಿಕ್ ಸೋಡಾ. ತೂಕದ ಲೆಕ್ಕದಲ್ಲಿ ನೀರಿಲ್ಲದ ಸೋಡಾ 106 ಪಾಲಿಗೆ ಅರಳಿದ ಸುಣ್ಣ 74 ಪಾಲು. ಹರಳುಸೋಡಾವಾದರೆ ಅದರಲ್ಲಿ ನೀರು ಬಹಳವಿರುವುದರಿಂದ 286 ಪಾಲು ಬೇಕು. ಅಡುಗೆಸೋಡಾ ಈ ಕೆಲಸಕ್ಕೆ ಬಾರದು. ತಳಕ್ಕಿಳಿದ ಪುಡಿಯನ್ನು ಬೇರ್ಪಡಿಸದೆ ಹಾಗೆಯೇ ಕಲಸಿದರೆ, ನಿಂತ ಮೈಯಿಂದಲೂ ಜಾರದ ಮುದ್ದೆ ದೊರೆಯುತ್ತದೆ. ಅದನ್ನು ಬಣ್ಣದ ಮೇಲೆ ದಪ್ಪವಾಗಿ ಮೆತ್ತಿ, ಒಣಗದಂತೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಗಂಟೆಗೊಮ್ಮೆ ಒಂದು ಮೂಲೆಯನ್ನು ನೋಡುತ್ತಿರಬೇಕು. ಬಣ್ಣ ಮರದವರೆಗೂ ಮೆತ್ತಗಾದಾಗ ಮುದ್ದೆಯೊಡನೆಯೇ ಹೆರೆದು ತೆಗೆಯಬೇಕು. ಇಲ್ಲಿ ಧೂಳಿಲ್ಲ, ಹೊಗೆಯಿಲ್ಲ. ಕೆತ್ತನೆಯ ಕುಳಿಗಳೊಳಗಿನ ಬಣ್ಣವೂ ಮೃದುವಾದ ಕುಂಚಕ್ಕೆ ಬರುತ್ತದೆ. ಕಡುಬೇಸಗೆಯಲ್ಲಿ ಮುದ್ದೆ ಬೇಗ ಒಣಗುವುದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ.

ಆದರೆ ಈ ಮುದ್ದೆ ಬಣ್ಣವನ್ನು ತಿನ್ನುವಂತೆಯೇ ಚರ್ಮವನ್ನೂ ತಿನ್ನುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ರಬ್ಬರಿನ ಕೈಚೀಲ, ಕಣ್ಣನ್ನು ಸುತ್ತ ಮುಚ್ಚುವ ಕನ್ನಡಕ, ತುಂಬುತೋಳಿನ ಬಟ್ಟೆ ಇಲ್ಲದೆ ಯಾರೂ ಇದನ್ನು ಮುಟ್ಟಬಾರದು. ಸಿಡಿದರೆ ಕೂಡಲೇ ಇಪ್ಪತ್ತು ನಿಮಿಷ ಧಾರೆಯಾಗಿ ನೀರು ಹಾಯಿಸಿ ವೈದ್ಯರ ಬಳಿಗೆ ಹೋಗಬೇಕು. ಕಣ್ಣಿಗೆ ಹುಳಿಯನ್ನು ಎಂದೂ ಹಾಕಬಾರದು. ಸುಟ್ಟ ಹರಳುಸುಣ್ಣವನ್ನು ನೇರವಾಗಿ ಬೆರೆಸಿದರೆ ಕುದಿದು ಸಿಡಿಯುತ್ತದೆ. ಮೊದಲೇ ಅರಳಿಸಿ ಆರಿದುದನ್ನೇ ಬಳಸಬೇಕು. ಅಲ್ಯುಮಿನಿಯಂ ಪಾತ್ರೆ ಕೂಡದು, ಅದನ್ನು ಕ್ಷಾರ ತಿಂದು ಹೈಡ್ರೊಜನ್ನನ್ನು ಹೊರಡಿಸುತ್ತದೆ.

7. ಅರಿಸಿನದ ಸಾಕ್ಷಿ

ಕ್ಷಾರದ ಎರಡನೆಯ ದೋಷ ಮರದೊಳಗೆ ಉಳಿದುಬಿಡುವುದು. ಉಳಿದರೆ ಹೊಸ ಬಣ್ಣವೋ ಎಣ್ಣೆಯೋ ನಿಲ್ಲದೆ ಸುಲಿದುಬರುತ್ತದೆ. ಒಗರುಳ್ಳ ಜಾಲಿಯಂಥ ಮರ ಕಪ್ಪಾಗುತ್ತದೆ, ಸಾಗವಾನಿಯೂ ಬಣ್ಣಗುಂದಬಹುದು. ಆದುದರಿಂದ ಮೊದಲು ಕಾಣದ ಮೂಲೆಯಲ್ಲಿ ಪ್ರಯೋಗಿಸಿ ನೋಡಬೇಕು. ಕೆಲಸ ಮುಗಿದ ಮೇಲೆ ಮರವನ್ನು ಮತ್ತೆ ಮತ್ತೆ ನೀರಿನಿಂದ ಒರಸಿ, ಕೊನೆಗೆ ನೀರು ಬೆರೆಸಿದ ವಿನಿಗರಿನಿಂದ ಕ್ಷಾರವನ್ನು ತಣಿಸಬೇಕು.

ತಣಿದಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ಮನೆಗಳಲ್ಲಿಯೇ ಸೂಚಕವಿದೆ. ಅರಿಸಿನಕ್ಕೆ ಸುಣ್ಣ ಕೂಡಿದರೆ ಕೆಂಪಾಗುವುದನ್ನು ಆರತಿಯ ಓಕುಳಿ ಕಲಸಿದ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಸೋಸುಕಾಗದವನ್ನು ಸ್ಪಿರಿಟಿನಲ್ಲಿ ಕದಡಿದ ಅರಿಸಿನದಲ್ಲಿ ಅದ್ದಿ ಒಣಗಿಸಿ, ಒದ್ದೆಮರಕ್ಕೆ ಒತ್ತಬೇಕು. ಹಳದಿಯಾಗಿಯೇ ಉಳಿದರೆ ಕ್ಷಾರ ಹೋಯಿತು. ಕೆಂಗಂದಾದರೆ ಇನ್ನೂ ತೊಳೆಯಬೇಕು. ಹೊಸ್ತಿಲಿನ ವಿಷಯದಲ್ಲಿ ಈ ಪರೀಕ್ಷೆ ತಪ್ಪಿದರೆ, ಮರುದಿನ ಹಚ್ಚುವ ಅರಿಸಿನವೇ ಕೆಂಪಾಗಿ ತಪ್ಪನ್ನು ಬಯಲಿಗೆಳೆಯುತ್ತದೆ.

ಒಂದು ಎಚ್ಚರಿಕೆ: ವಿನಿಗರು ಪರಸಿಯ ಮೇಲೆ ತೊಟ್ಟಿಕ್ಕಬಾರದು. ಸುಣ್ಣಕಲ್ಲು ಆಮ್ಲ ಸೋಕಿದೊಡನೆ ನೊರೆಯೆದ್ದು ತನ್ನ ನುಣುಪನ್ನು ಕಳೆದುಕೊಳ್ಳುತ್ತದೆ. ಕದಗಳನ್ನು ಕಳಚಿ ಅಂಗಳಕ್ಕೆ ಒಯ್ದು ಕೆಲಸ ಮಾಡುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ. ಚೌಕಟ್ಟಿನ ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರಬೇಕು.

8. ಕೆಲಸದ ಅನಂತರ

ಬಣ್ಣವನ್ನು ತೆಗೆದೊಡನೆ ಸೀಸ ಇಲ್ಲವಾಗುವುದಿಲ್ಲ, ಸ್ಥಳಾಂತರವಾಗುತ್ತದೆ ಅಷ್ಟೆ. ಹೆರೆದ ಮುದ್ದೆಯಲ್ಲಿಯೂ ತೊಳೆದ ನೀರಿನಲ್ಲಿಯೂ ಅದು ಇದೆ. ಅದನ್ನು ಬಚ್ಚಲಿಗೆ, ಹಿತ್ತಿಲಿಗೆ, ಬಾವಿಯ ಬಳಿಗೆ ಚೆಲ್ಲಬಾರದು. ಬಣ್ಣ ಹತ್ತಿದ ಕಟ್ಟಿಗೆಯನ್ನು ಒಲೆಗೆ ಇಡಬಾರದು. ಎಲ್ಲವನ್ನೂ ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ತುಂಬಿ, ಗುರುತು ಬರೆದು, ಮನೆಯ ಅಪಾಯಕರ ಕಸವೆಂದು ಪುರಸಭೆಗೆ ಬೇರೆಯಾಗಿಯೇ ಒಪ್ಪಿಸಬೇಕು. ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ, ಸಂದುಸಂದುಗಳಲ್ಲಿ, ನೀರು ಬದಲಿಸುತ್ತ ಒರಸಬೇಕು. ಕೆಲಸ ಮುಗಿದು ನೆಲ ಶುದ್ಧವಾಗುವವರೆಗೆ ಮಕ್ಕಳೂ ಗರ್ಭಿಣಿಯರೂ ಆ ಮನೆಯಲ್ಲಿರಕೂಡದು. ಕೆಲಸಗಾರನು ಕೈತೊಳೆಯದೆ ಉಣ್ಣಬಾರದು, ಎಲೆಯಡಿಕೆ ಹಾಕಬಾರದು. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಸಬಾರದು. ದಿನಗೂಲಿಗೆ ಬಂದವನ ಮನೆಯಲ್ಲಿಯೂ ಕೂಸುಗಳಿರುತ್ತವೆ ಎಂಬುದನ್ನು ಕೆಲಸ ಮಾಡಿಸುವವರು ಮರೆಯಬಾರದು.

ಕೊನೆಯದಾಗಿ, ಬರಿದಾದ ಮರಕ್ಕೆ ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಮಾತು. ಎಣ್ಣೆ ಒಣಗುವಾಗ ಶಾಖ ಹೊರಡುತ್ತದೆಯಷ್ಟೆ. ಎಣ್ಣೆ ಒರಸಿದ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಸೀಮೆಯ ಬಿಸಿಲಿನಲ್ಲಿ ಇದು ಇನ್ನೂ ಬೇಗ ಆದೀತು. ಅಂಥ ಬಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿಡಬೇಕು, ಇಲ್ಲವೆ ಬಯಲಿನಲ್ಲಿ ಒಂದೊಂದಾಗಿ ಹರವಬೇಕು.

9. ಉಪಸಂಹಾರ

ಒಟ್ಟಿನಲ್ಲಿ, ಪರೀಕ್ಷಿಸುವುದು ಮೊದಲು. ಗಟ್ಟಿಯಾಗಿರುವುದನ್ನು ಮುಚ್ಚುವುದು, ಏಳುತ್ತಿರುವುದನ್ನು ಮತ್ತು ಉಜ್ಜುವುದನ್ನು ತೆಗೆಯುವುದು. ತೆಗೆಯುವುದಾದರೆ ಒದ್ದೆಯಾಗಿಯೇ ತೆಗೆಯುವುದು. ತೆಗೆದುದನ್ನು ಎಚ್ಚರದಿಂದ ವಿಲೇವಾರಿ ಮಾಡುವುದು. ಇವಿಷ್ಟನ್ನು ಪಾಲಿಸಿದರೆ ಪಡಸಾಲೆಯ ಕಂಬದ ಬಳ್ಳಿಯೂ ಹೂವೂ ಮತ್ತೆ ಬೆಳಕು ಕಾಣಬಲ್ಲವು. ಪಾಲಿಸಲು ಅನುಕೂಲವಿಲ್ಲದಿದ್ದರೆ ಆ ಹೂವು ಇನ್ನೂ ಕೆಲವು ಕಾಲ ಬಣ್ಣದ ಕೆಳಗೇ ಇರಲಿ. ಮರ ಕಾಯಬಲ್ಲುದು, ಬೆಳೆಯುವ ಮಗು ಕಾಯಲಾರದು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ತಲೆಬಾಗಿಲಿನ ಕೆಳಗಣ ಎರಡು ಮೊಳವನ್ನು ಒಮ್ಮೆ ಬಗ್ಗಿ ನೋಡಲಿ. ಅಲ್ಲಿ ಬಣ್ಣ ಎದ್ದಿದ್ದರೆ ಅದನ್ನು ಹಿರಿಯರ ಗಮನಕ್ಕೆ ತಂದರೂ ಅವರ ಓದು ಒಂದು ಮಟ್ಟಿಗೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.